ಮರ್ಯಾದೆ ಹೊಕ್ಕ ಮನೆ

ಕಬ್ವೆ
೨೩ ಅಕ್ಟೋಬರ್ ೨೦೧೪, ಬೆಳಗಿನ ಜಾವ ಮೂರು ಗಂಟೆ

ಪ್ರೀತಿಯ ಅಜ್ಜೀ,

ಚಪ್ಪಾಳೆಯ ಸದ್ದಿಗೆ ಎಚ್ಚರವಾಯಿತು. ಜೋರು ಚಪ್ಪಾಳೆಯಲ್ಲ, ಹಿರಿಯರೆದುರು ಮಂಡಿಯೂರಿ, ಅಂಗೈ ಬೊಗಸೆ ಮಾಡಿ ಮೆತ್ತಗೆ ತಟ್ಟುತ್ತಾರಲ್ಲ, ಅದು. ಮಗು ಕೈ ಬಡಿಯುತ್ತಿದೆಯೇನೋ ಎಂದು ಮುಟ್ಟಿ ನೋಡಿದೆ. ಅವನು ಬಾಯಿ ತೆರೆದುಕೊಂಡು ಗಾಢವಾಗಿ ಮಲಗಿದ್ದ. ಸದ್ದು ಬರುತ್ತಿದ್ದದ್ದು ಅಡುಗೆಮನೆಯಿಂದ. ಅದೇನೆಂದು ಮುಂದೆ ಬರೆಯುತ್ತೇನೆ, ಮೊದಲು ನಿನ್ನ ಕಣ್ಣು ಹೇಗಿದೆ ಹೇಳು. ಪೊರೆ ತೆಗೆದ ಮೇಲೆ ಹೊತ್ತಿಗೆ ಸರಿಯಾಗಿ ಹನಿ ಹಾಕಿಸಿಕೊಳ್ಳುತ್ತಿದ್ದೀಯಾ, ಇಲ್ಲ ಚಿಕ್ಕಮ್ಮ ಶೀಶೆ ಹಿಡಿದು ಬಂದ ಕೂಡಲೇ ಗೊರಕೆ ಹೊಡೆಯುತ್ತೀಯಾ? ಇದ್ದಿಲೊಲೆಯ ಹತ್ತಿರ ಹೋಗಬೇಡ. ಲುಸಾಕದಲ್ಲಿ ಈ ತಿಂಗಳ ಬಿಸಿಲು ಇಲ್ಲಿಗಿಂತ ಕೆಟ್ಟದ್ದು, ಮಧ್ಯಾಹ್ನ ಹೊರಗೆ ಕಾಲಿಡಬೇಡ. ಮಗು ಕಸೊಂಡೆಗೆ ಮೇಲಿನ ಹಲ್ಲು ಬರುತ್ತಿದೆ. ಮೈ ಬೆಚ್ಚಗಿರುವುದು ಹಲ್ಲಿಗೇ, ಜ್ವರವಲ್ಲ ಎಂದು ನರ್ಸ್ ಹೇಳಿದ್ದಾಳೆ. ಆದರೂ ನಾನು ರಾತ್ರಿಯೆಲ್ಲ ಎದ್ದೆದ್ದು ಅವನ ಮೂಗಿಗೆ ಬೆರಳು ಹಿಡಿದು ಉಸಿರು ನೋಡುತ್ತೇನೆ. ನೀನು ನಗುತ್ತೀ, ಗೊತ್ತು. "ಒಂಬತ್ತು ಹೆತ್ತೆ ಕಣೇ, ಒಬ್ಬರ ಮೂಗಿಗೂ ಬೆರಳಿಡ್ಲಿಲ್ಲ" ಅನ್ನುತ್ತೀ. ಅವನ ಅಪ್ಪ ಲಾರಿ ಸಮೇತ ನಕೊಂಡೆಯ ಗಡಿಯಲ್ಲಿ ಸಿಕ್ಕಿಕೊಂಡಿದ್ದಾರೆ; ಮುಂದೆ ನಿಂತ ಲಾರಿಗಳ ಸಾಲಿಗೆ ತುದಿಯೇ ಕಾಣುವುದಿಲ್ಲವಂತೆ. ಅವರು ಇಲ್ಲಿದ್ದರೂ ಪ್ರಯೋಜನವಿರಲಿಲ್ಲ ಬಿಡು, ಮಾವನವರ ಮುಂದೆ ಬಾಯಿ ಬಿಡುವ ಮಗನಲ್ಲ.

ಫೋನ್ ಬಿಟ್ಟು ಕಾಗದ ಯಾಕೆ ಎಂದು ಗೊಣಗಬೇಡ. ಈ ಹಳೆಯ ರೈಲ್ವೆ ಮನೆಯ ಗೋಡೆ ನಿನಗೆ ಗೊತ್ತೇ ಇದೆ. ಆ ಕೋಣೆಯಲ್ಲಿ ಮಾವನವರು ಸೀನಿದರೆ ಈ ಕೋಣೆಯಲ್ಲಿ ಮಗು ಬೆಚ್ಚುತ್ತದೆ. ನಾನು ಪಿಸುಗುಟ್ಟಿದರೂ ಅವರಿಗೆ ಕೇಳುತ್ತದೆ, ನೀನಂತೂ ಫೋನಿನಲ್ಲಿ ಪಿಸುಗುಟ್ಟಿದವಳೇ ಅಲ್ಲ. ಹಗಲು ನಾನು ಪಾಠ ಹೇಳುವ ಶಾಲೆಯಲ್ಲಿ, ನಾವು ಸಾಕುತ್ತಿರುವ ಹುಡುಗಿ ತಮಂದಾನಿ ನನ್ನ ಬೆನ್ನು ಬಿಡುವುದಿಲ್ಲ. ಅದಕ್ಕೇ ಮೊದಲ ಮಿನಿಬಸ್ಸಿನ ಡ್ರೈವರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ, ಮಧ್ಯಾಹ್ನದೊಳಗೆ ಚಿಕ್ಕಪ್ಪನ ಅಂಗಡಿಗೆ ತಲುಪಿಸುತ್ತೇನೆಂದು ಮಾತು ಕೊಟ್ಟಿದ್ದಾನೆ. ಚಿಕ್ಕಮ್ಮಾ, ಅಜ್ಜಿಗೆ ಓದಿ ಹೇಳುವಾಗ ನಡುವೆ ನಿನ್ನ ಮಾತು ಸೇರಿಸಬೇಡ. ಹೇಗಿದೆಯೋ ಹಾಗೇ ಓದು.

ಅಜ್ಜೀ, ತಮಂದಾನಿ ನಮ್ಮನ್ನು ಬಿಟ್ಟು ಹೊರಟಿದ್ದಾಳೆ. ನಾಳೆ ಬೆಳಿಗ್ಗೆ, ಊರೆಲ್ಲ ಸ್ವಾತಂತ್ರ್ಯದ ಐವತ್ತನೆಯ ಹಬ್ಬಕ್ಕೆ ಕ್ರೀಡಾಂಗಣದ ಕಡೆ ನಡೆಯುವ ಮೊದಲೇ, ಅವಳು ಬಸ್ಸು ಹತ್ತುತ್ತಾಳೆ. ಲುಸಾಕದಲ್ಲಿ ಯಾರದೋ ಮನೆಯಲ್ಲಿ ಕೆಲಸಕ್ಕೆ. ಮುಂದಿನ ತಿಂಗಳು ಏಳನೆಯ ತರಗತಿಯ ಪರೀಕ್ಷೆ. ನಮ್ಮ ಶಾಲೆಯಿಂದ ಅದನ್ನು ಬರೆಯುವ ಮೊದಲ ಮಕ್ಕಳಲ್ಲಿ ಎಲ್ಲರಿಗಿಂತ ಜಾಣೆ ಅವಳೇ. ಚರ್ಚಿನ ಹಿಂದಿನ ತಗಡಿನ ಶೆಡ್ಡಿನಲ್ಲಿ, ಅರ್ಧ ಕಪ್ಪುಹಲಗೆಯ ಮುಂದೆ, ಸಂಬಳವಿಲ್ಲದ ನಮ್ಮಿಬ್ಬರು ಟೀಚರುಗಳ ಕೈಯಲ್ಲಿ ಕಲಿತ ಹುಡುಗಿ. ಚಿಕ್ಕ ಮಕ್ಕಳಿಗೆ ಅಕ್ಷರ ಹೇಳಿಕೊಡುವುದು ಅರ್ಧಕ್ಕರ್ಧ ಅವಳೇ. ಹೋದರೆ ಹೋದಳು, ಇನ್ನು ಅವಳು ಪುಸ್ತಕ ಮುಟ್ಟುವುದಿಲ್ಲ. ಇಂಥವರನ್ನು ನಾನು ನೋಡಿದ್ದೇನೆ. ವರ್ಷ ಕಳೆದು ಸಂತೆಯಲ್ಲಿ ಎದುರಾದರೆ ತಲೆ ತಗ್ಗಿಸಿ ದಾಟಿಹೋಗುತ್ತಾರೆ.

ಅವಳನ್ನು ನೀನು ಕಂಡಿಲ್ಲ, ಕಳೆದ ಚಳಿಗಾಲದಲ್ಲಿ ನಮ್ಮ ಮನೆಗೆ ಬಂದಳು. ಸಂತೆಯಲ್ಲಿ ಒಣಮೀನು ಮಾರುತ್ತಿದ್ದ ಎಲಿನೆಸ್ ನೆನಪಿದೆಯಾ, ನಿನ್ನ ಹತ್ತಿರ ಚೌಕಾಸಿ ಮಾಡಿ ಸೋತವಳು? ಅವಳು ಸಾಕಿದ ಮಗು. ಎಲಿನೆಸ್ ತೀರಿಕೊಂಡ ಮೇಲೆ ಹುಡುಗಿ ಖಾಲಿ ಮೀನಿನ ಬುಟ್ಟಿಯ ಪಕ್ಕದಲ್ಲೇ ಕೂತಿದ್ದಳು. ಕೈ ಹಿಡಿದು ಕರೆದುಕೊಂಡು ಬಂದೆ. ಮಾವನವರು ಜಗುಲಿಯಲ್ಲಿ ಕೂತು ಯಾವ ಕಡೆಯವಳು ಎಂದು ಕೇಳಿದರು. ಎಲಿನೆಸ್ ಪೂರ್ವದ ಕಡೆಯವಳು, ನಮ್ಮ ಅಂಗೋನಿ ಜನದವಳು ಎಂದೆ. ಮಾವನವರ ಮುಖ ಹೇಗೆ ಅರಳಿತು ಗೊತ್ತಾ! ಕೋಲಿನಿಂದ ನೆಲ ಕುಟ್ಟಿ, "ಅಯ್ಯೋ, ಇನ್ನೊಬ್ಳು ಇಲಿಕಳ್ಳಿ ಬಂದ್ಲಲ್ಲಪ್ಪಾ! ಸೊಸೆ, ಹಿಟ್ಟಿನ ಮೂಟೆ ಒಳಗಿಡು" ಅಂದರು. ಅಳುವುದೋ ಬಿಡುವುದೋ ಎಂದು ನಿಂತಿದ್ದ ಹುಡುಗಿ ಮೂಗೊರೆಸಿಕೊಂಡು, "ಹೆದರ್ಬೇಡ ತಾತ, ಕೋತಿ ತಿನ್ನೋರ ಮನೆ ಹಿಟ್ಟು ನಮ್ಗೆ ಸೇರಲ್ಲ" ಅಂದಳು. ಅಷ್ಟೇ. ಆವತ್ತಿಂದ ಅವಳು ಮನೆಯವಳಾದಳು.

ಮಾವನವರ ಬೆಂಬಾ ಜನಕ್ಕೂ ನಮಗೂ ಇರುವ ಚಿಂಬುಯಾ ಎಂಬ ಗೇಲಿಯ ನಂಟನ್ನು ನಿನಗೆ ನಾನು ಕಲಿಸಬೇಕೆ? ಮುತ್ತಾತಂದಿರ ಕಾಲದ ಜಗಳ ಮುಗಿದ ಮೇಲೆ ಕತ್ತಿ ಒಳಗಿಟ್ಟು ನಾಲಿಗೆ ಹೊರಗೆ ತೆಗೆದವರು ಎಂದು ನೀನೇ ಅನ್ನುತ್ತಿದ್ದೆ. ಅವರು ನಮ್ಮನ್ನು ಇಲಿ ತಿನ್ನುವವರು ಎನ್ನಲಿ, ನಾವು ಅವರನ್ನು ಕೋತಿ ತಿನ್ನುವವರು ಎನ್ನಲಿ, ಈ ನಂಟಿದ್ದವರು ಏನಂದರೂ ಬೈಗುಳವಲ್ಲ, ಸಿಟ್ಟು ಮಾಡಿಕೊಂಡವನೇ ಸೋತ, ಸೋತವನು ಕೋಳಿ ಕೊಡಬೇಕು. ನಮ್ಮ ಮದುವೆಯಲ್ಲಿ ನೀನು ಮಾವನವರ ಸೊಂಟಕ್ಕೆ ಹಗ್ಗ ಕಟ್ಟಿ, ಕೋತಿಯನ್ನು ಬಾಡಿಗೆಗೆ ತಂದಿದ್ದೇನೆಂದು ಚಪ್ಪರದ ತುಂಬ ಎಳೆದಾಡಿದ್ದನ್ನು ಜನ ಇನ್ನೂ ಹೇಳುತ್ತಾರೆ. ಅವರೇನು ಸುಮ್ಮನಿದ್ದರೇ? ಅಂಗೋನಿ ಸೊಸೆ ತಂದದ್ದೇ ಮನೆಯಲ್ಲಿ ಇಲಿ ಕಾಟ ತೀರಲಿ ಎಂದು ಮೈಕಿನಲ್ಲೇ ಹೇಳಿದರು. ಆದರೆ ನಾನು ಸೊಸೆ. ಅಂಗೋನಿಯಾಗಿ ಹುಟ್ಟಿಯೂ ಅವರೆದುರು ಮಂಡಿಯೂರಬೇಕು, ನೆಲ ನೋಡಿಕೊಂಡು ಮಾತಾಡಬೇಕು. ಅತ್ತೆ ಹೋದ ಮೇಲೆ ಆ ಮನುಷ್ಯನಿಗೆ ಮನೆಯಲ್ಲಿ ಎದುರು ಮಾತಾಡುವವರೇ ಇರಲಿಲ್ಲ. ತಮಂದಾನಿ ಬಂದ ಮೇಲೆ ಊಟದ ಹೊತ್ತು ಎಂದರೆ ನಾಟಕ. "ಮುದ್ದೆ ಮೇಲೆ ಯಾಕೆ ಕಣ್ಣು? ನಿನ್ನೂಟ ಗೋಡೆ ತೂತಲ್ಲಿ ಓಡಾಡ್ತಿದೆ, ಹಿಡ್ಕೋ ಹೋಗು" ಅಂತ ಅವರು. "ಮರ ಹತ್ತೋಕೆ ಮಂಡಿ ಬಗ್ಗಲ್ಲ ಅಂತ ತಾನೇ ನೀನು ತಟ್ಟೆ ಮುಂದೆ ಕೂತಿರೋದು" ಅಂತ ಇವಳು. ನಾನು ತಲೆ ತಗ್ಗಿಸಿಕೊಂಡು ಸೊಪ್ಪು ಬಡಿಸುತ್ತ ತುಟಿ ಕಚ್ಚಿಕೊಳ್ಳುತ್ತಿದ್ದೆ. ಮಗು ಮೊದಲ ಸಲ ಕಿಲಕಿಲ ನಕ್ಕಿದ್ದು ಅವರಿಬ್ಬರ ಬೈಗುಳ ಕೇಳಿಯೇ.

ಹಬ್ಬದ ಸುದ್ದಿ ಬಂದದ್ದು ಆಮೇಲೆ. ಐವತ್ತನೆಯ ವರ್ಷವೆಂದು ಈ ಸಲ ನಮ್ಮಂಥ ಬಡ ಶಾಲೆಗಳ ಮಕ್ಕಳನ್ನೂ ಮೆರವಣಿಗೆಗೆ ಕರೆದರು. ಅಜ್ಜೀ, ನಮ್ಮ ಮಕ್ಕಳು ಪ್ರತಿವರ್ಷ ಬೇಲಿಯಾಚೆ ನಿಂತು ನೋಡಿದವರು. ಸುದ್ದಿ ಹೇಳಿದಾಗ ಮೊದಲು ಯಾರೂ ನಂಬಲಿಲ್ಲ, ಒಬ್ಬ ಮಾತ್ರ, "ಒಳಗಿಂದಾನಾ ಟೀಚರ್?" ಎಂದು ಕೇಳಿದ. ಚರ್ಚಿನ ಹಳೆಯ ಪರದೆ ಬಿಚ್ಚಿ ಹಸಿರು ಅಂಗಿ ಹೊಲಿದೆವು. ಮಾವನವರು ಎಣ್ಣೆ ಡಬ್ಬಕ್ಕೆ ಆಡಿನ ಚರ್ಮ ಬಿಗಿದು ಡೋಲು ಮಾಡಿದರು, ಕವಾಯತು ಕಲಿಸುವುದೂ ತಮ್ಮದೇ ಎಂದರು. ಆದರೆ ಅವರಿಗೆ ಗೊತ್ತಿದ್ದ ಕವಾಯತು ಯಾವುದು? ರೈಲಿನ ಗಾರ್ಡಾಗಿ ಇಡೀ ಆಯಸ್ಸು ಕಳೆದವರು, ಮಕ್ಕಳಿಗೂ ಸೀಟಿ ಊದಿ ಹಸಿರು ಬಟ್ಟೆ ಬೀಸಿದರು. ಹಸಿರು ಎದ್ದರೆ ಹೊರಡು, ಕೆಂಪು ಎದ್ದರೆ ನಿಲ್ಲು. ಕ್ರೀಡಾಂಗಣದಲ್ಲಿ ಮೊದಲ ತಾಲೀಮಿನ ದಿನ ನಮ್ಮ ಹಸಿರು ರಾಷ್ಟ್ರಧ್ವಜ ಏರಿತು. ಉಳಿದ ಶಾಲೆಯವರೆಲ್ಲ ಕಲ್ಲಿನಂತೆ ನಿಂತಿದ್ದರೆ ನಮ್ಮವರು ಹಸಿರು ಕಂಡದ್ದೇ ತಡ, ಡೋಲು ಬಡಿದುಕೊಂಡು ಹೊರಟೇಬಿಟ್ಟರು. ರಾಷ್ಟ್ರಗೀತೆಯ ನಡುವೆ, ಅಧಿಕಾರಿಗಳ ಕುರ್ಚಿಗಳನ್ನು ದಾಟಿ, ಆಚೆಯ ಗೇಟಿನವರೆಗೆ. ಮುಂದೆ ಡೋಲು ಹೊತ್ತು ನಡೆದವಳು ತಮಂದಾನಿ. ಮಾವನವರು ಕೆಂಪು ಬಟ್ಟೆ ಹುಡುಕಿಕೊಂಡು ಹಿಂದೆ ಓಡಿದರು. ಮನೆಗೆ ಬಂದು ಅವಳು, "ತಾತ, ರೈಲು ಲೇಟು ಮಾಡಿದ್ದಕ್ಕೆ ನಿನ್ನ ಕೆಲಸದಿಂದ ತೆಗೆದ್ರಂತೆ ಹೌದಾ? ಇವತ್ತು ಬೇಗನೇ ಬಿಟ್ವಿ" ಅಂದಾಗ ಅವರು ನಕ್ಕು ನಕ್ಕು ಕೆಮ್ಮು ಹತ್ತಿ, ನಾನು ನೀರು ಕೊಡಬೇಕಾಯಿತು.

ಈ ಸೋಮವಾರ ಎಲಿನೆಸಳ ತಂಗಿ ಬಂದಳು, ಅಕ್ಕನ ಪಾತ್ರೆಪಗಡ ತೆಗೆದುಕೊಂಡು ಹೋಗುವುದಕ್ಕೆ. ಕೆಟ್ಟವಳಲ್ಲ. ಜಗುಲಿಯಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು, ಮಾವನವರೂ ಹುಡುಗಿಯೂ ಎಂದಿನಂತೆ ಕಚ್ಚಾಡುತ್ತಿದ್ದರು. ಅವಳು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಯಾವ ಕೇಡೂ ಮನಸ್ಸಿನಲ್ಲಿಲ್ಲದೆ ಅಂದಳು: "ಇವ್ಳ ಜೊತೆ ಯಾಕೆ ಚಿಂಬುಯಾ ಆಡ್ತೀರಿ ಯಜಮಾನ್ರೇ, ಇವ್ಳು ನಮ್ಮೋಳಲ್ವಲ್ಲ. ಆಸ್ಪತ್ರೇಲಿ ನಮ್ಮಕ್ಕನ ಪಕ್ಕದ ಹಾಸಿಗೆಯೋಳು ಸತ್ತಾಗ ಉಳಿದ ಕೂಸು. ಆ ಹೆಂಗಸಿನ ಮಾತು ವಾರ್ಡಲ್ಲಿ ಯಾರ್ಗೂ ತಿಳೀಲಿಲ್ವಂತೆ. ಯಾವ ಜನವೋ, ಗಡಿ ಆಚೆಯೋರೋ." ಹೇಳಿ ಮತ್ತೆ ಕಡಲೆಕಾಯಿಗೆ ಕೈ ಹಾಕಿದಳು.

ಮಾವನವರು ನೆಲ ಕುಟ್ಟಲು ಎತ್ತಿದ್ದ ಕೋಲನ್ನು ಕೆಳಗಿಳಿಸಿದರು. ಹುಡುಗಿ ಒಮ್ಮೆ ನನ್ನನ್ನು, ಒಮ್ಮೆ ಅವರನ್ನು ನೋಡಿದಳು. ಆಮೇಲೆ ಎದ್ದು ಬಂದು ಅವರ ಮುಂದೆ ಮಂಡಿಯೂರಿದಳು. ಅಂಗೈ ತಟ್ಟಿ, ತಪ್ಪಾಯಿತು ಎಂದಳು. ಆ ಕ್ಷಣಕ್ಕೆ ಅವರು ಒಂದು ಬೈಗುಳ ಬೈದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಅವರು ಕೋಲು ಊರಿಕೊಂಡು ಎದ್ದು, "ಏಳು ಮಗು, ನೆಲ ಬಿಸಿಯಾಗಿದೆ" ಎಂದಷ್ಟೇ ಹೇಳಿ ಒಳಗೆ ಹೋದರು.

ಅಂದಿನಿಂದ ಈ ಮನೆಯಲ್ಲಿ ಮರ್ಯಾದೆಯೇ ಮರ್ಯಾದೆ. ಅವಳು ತಟ್ಟೆ ತಂದಿಟ್ಟು ಮೂರು ಹೆಜ್ಜೆ ಹಿಂದೆ ಸರಿಯುತ್ತಾಳೆ. ಅವರು "ಚೆನ್ನಾಗಿದೀಯಾ ಮಗು" ಅನ್ನುತ್ತಾರೆ. ಅವಳು ತಲೆ ತಗ್ಗಿಸಿ ಹೌದು ಅನ್ನುತ್ತಾಳೆ. ಮುದ್ದೆ ಮುರಿಯುವ ಸದ್ದೂ ಕೇಳುತ್ತದೆ. ತಾತನಿಗೆ ತನ್ನನ್ನು ಕಂಡರೆ ಅಸಹ್ಯವಾಗಿದೆ ಎಂದು ಅವಳು ತಿಳಿದಿದ್ದಾಳೆ. ನಿಜ ಬೇರೆ. ಮೊನ್ನೆ ಮಾವನವರು ತಮ್ಮ ಗೆಳೆಯರೊಬ್ಬರ ಹತ್ತಿರ ಹೇಳಿಕೊಳ್ಳುತ್ತಿದ್ದುದು ನನಗೆ ಗೋಡೆಯಾಚೆಯಿಂದ ಕೇಳಿಸಿತು: "ಅವ್ಳು ಬೈದಿದ್ದಕ್ಕಲ್ಲಪ್ಪ. ನಾನು ಬೈದೆನಲ್ಲ. ನಂಟಿದೆ ಅಂತ ಬೈದೆ. ನಂಟಿಲ್ಲ ಅಂದ್ಮೇಲೆ ಅವೆಲ್ಲ ನಿಜವಾದ ಬೈಗುಳ ಆಗೋದ್ವು. ತಾಯಿಲ್ಲದ ಮಗೂನ ಕಳ್ಳಿ ಅಂದೆ, ಇಲಿ ತಿನ್ನೋಳು ಅಂದೆ. ಇನ್ನು ಯಾವ ಮುಖ ಇಟ್ಕೊಂಡು ಇಲ್ಲೇ ಇರು ಅಂತ ಹೇಳ್ಲಿ?" ಇದನ್ನು ನಾನು ಹುಡುಗಿಗೆ ಹೇಳಿದೆ. ಟೀಚರ್ ಸಮಾಧಾನಕ್ಕೆ ಕಟ್ಟಿದ ಕಥೆ ಎಂದುಕೊಂಡಳು. ಮಾವನವರಿಗೆ ಹೋಗಿ ಹೇಳೋಣವೆಂದರೆ, ಸೊಸೆಯಾಗಿ ನಾನು ಯಾವ ಬಾಯಲ್ಲಿ ಹೇಳಲಿ, ಅವಳನ್ನು ಬೈಯಿರಿ ಎಂದು?

ಎಲಿನೆಸಳ ತಂಗಿ ಲುಸಾಕದ ಮನೆಗೆಲಸದ ಮಾತೆತ್ತಿದಾಗ ತಮಂದಾನಿ ಆಗಲಿ ಅಂದುಬಿಟ್ಟಳು. ನಾನು ಕೂಗಾಡಿದೆ ಅಜ್ಜೀ, ಪರೀಕ್ಷೆ ಬರೆ, ಆಮೇಲೆ ನೋಡೋಣ ಎಂದೆ, ಅತ್ತೂಬಿಟ್ಟೆ. ಅವಳು ದೊಡ್ಡವಳ ಹಾಗೆ ನನ್ನ ಕಣ್ಣೊರೆಸಿ, "ಕೆಲಸದೋಳ್ನ ಯಾರೂ ಯಾವ ಜನ ಅಂತ ಕೇಳಲ್ಲ ಟೀಚರ್" ಅಂದಳು. ಕಾಲೇಜಿನಲ್ಲಿ ಕಲಿತದ್ದನ್ನೆಲ್ಲ ಹೇಳಿದೆ: ಜನ ಯಾವುದಾದರೇನು, ಎಲ್ಲ ಸೇರಿ ಒಂದೇ ಜಾಂಬಿಯಾ, ಒಂದೇ ದೇಶ, ನಾಳೆಯ ಹಬ್ಬ ಇರುವುದೇ ಅದಕ್ಕೆ. ನಮ್ಮ ಮಕ್ಕಳು ಮೆರವಣಿಗೆ ಮುಗಿಸಿ, ವೇದಿಕೆಯ ಮುಂದೆ ನಿಂತು, ಒಬ್ಬೊಬ್ಬರೂ ತಮ್ಮ ತಮ್ಮ ಮನೆಮಾತಿನಲ್ಲಿ ನಮಸ್ಕಾರ ಹೇಳಬೇಕೆಂದು ಇತ್ತು. ಮೊದಲು ಹೇಳಬೇಕಾದವಳು ಇವಳೇ. ಅವಳು ಕೇಳಿದಳು: "ಎಲ್ರೂ ಎಲ್ಲಿಂದ್ಲೋ ಬಂದು ಒಂದಾಗ್ತಾರೆ. ನಾನು ಎಲ್ಲಿಂದ ಬಂದು ಒಂದಾಗ್ಲಿ?"

ಚಪ್ಪಾಳೆಯ ವಿಷಯ ಹೇಳುತ್ತೇನೆಂದಿದ್ದೆ. ಎದ್ದು ಹೋಗಿ ನೋಡಿದರೆ ಅಡುಗೆಮನೆಯ ಕತ್ತಲಲ್ಲಿ ತಮಂದಾನಿ ನೀರಿನ ಕೊಡದ ಮುಂದೆ ಮಂಡಿಯೂರಿ ಅಭ್ಯಾಸ ಮಾಡುತ್ತಿದ್ದಳು. ಹೊರಡುವ ಮುನ್ನ ತಾತನಿಗೆ ಸರಿಯಾಗಿ ನಮಸ್ಕಾರ ಹೇಳಬೇಕಂತೆ, ಇಷ್ಟು ದಿನ ಅವರಿಗೆ ಒಮ್ಮೆಯೂ ಹೇಳಿಲ್ಲವಲ್ಲ, ಕೈ ಹೊಂದುತ್ತಿಲ್ಲವಂತೆ. ಅವಳ ಹಸಿರು ಅಂಗಿ ಮಡಿಸಿ ಡೋಲಿನ ಮೇಲಿಟ್ಟಿದೆ, ಬೇರೆ ಯಾರಾದರೂ ಹಾಕಿಕೊಳ್ಳಲಿ ಎಂದು. ಅವಳನ್ನು ಮಲಗಿಸಿ ಬಂದು ಬರೆಯಲು ಕೂತೆ. ಗೋಡೆಯಾಚೆ ಮಾವನವರಿಗೂ ನಿದ್ದೆಯಿಲ್ಲ, ಮಂಚ ಕಿರುಗುಟ್ಟುತ್ತಿದೆ.

ಮಿನಿಬಸ್ಸಿನವನು ಹಾರ್ನ್ ಹಾಕುವ ಹೊತ್ತಾಯಿತು, ಮಗುವೂ ಮಿಸುಕಾಡುತ್ತಿದೆ. ಚಿಕ್ಕಪ್ಪನಿಗೆ ನನ್ನ ನಮಸ್ಕಾರ, ಅಲ್ಲಿಯ ಮಕ್ಕಳ ಕೆನ್ನೆಗೆ ನನ್ನ ಪರವಾಗಿ ಒಂದೊಂದು ಮುತ್ತು. ನಿನ್ನ ಕಣ್ಣು ಬೇಗ ತಿಳಿಯಾಗಲಿ, ಮೊದಲು ಕಸೊಂಡೆಯ ಹಲ್ಲು ಕಾಣಲಿ.

ನಿನ್ನ ಮೊಮ್ಮಗಳು,
ನೆಲಿಯಾ

ಮರೆತು ಬರೆದದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು: ಅಜ್ಜೀ, ಅವಳಿಗೆ ನಿನ್ನ ಕುಲದ ಹೆಸರು ಕೊಡು. ಜೆರೆ ಹೆಸರು ಸಂತೆಯಲ್ಲಿ ಗುಡ್ಡೆ ಹಾಕಿ ಮಾರುವ ಈರುಳ್ಳಿಯಲ್ಲ ಎಂದು ನೀನು ಒಬ್ಬರಿಗೆ ಹೇಳಿ ಕಳಿಸಿದ್ದು ನನಗೆ ನೆನಪಿದೆ. ಆದರೆ ನೀನೇ ಅಲ್ಲವೇ ಹೇಳಿದ್ದು, ನಮ್ಮವರು ದಕ್ಷಿಣದಿಂದ ಇಷ್ಟು ದೂರ ನಡೆದು ಬರುವಾಗ ದಾರಿಯಲ್ಲಿ ಸಿಕ್ಕವರನ್ನೆಲ್ಲ ಸೇರಿಸಿಕೊಂಡು ಬಂದರು, ನಿನ್ನ ಅಜ್ಜಿಯೂ ಹಾಗೆ ಒಂದು ನದಿಯ ದಡದಲ್ಲಿ ಸಿಕ್ಕವಳೇ, ನಾವು ಆಡುವ ಭಾಷೆ ಕೂಡ ದಾರಿಯಲ್ಲಿ ಸಿಕ್ಕಿದ್ದೇ ಎಂದು. ನಡೆಯುತ್ತ ನಡೆಯುತ್ತ ಅಂಗೋನಿಗಳಾದೆವು ಅನ್ನುತ್ತಿದ್ದೆ. ಹಾಗಿದ್ದರೆ ಆ ಸಾಲಿನ ಬಾಲಕ್ಕೆ ಇನ್ನೊಬ್ಬಳು ಸೇರಲಿ. ಇದನ್ನು ನಾನು ಮಾಡುವಂತಿಲ್ಲ, ಹಿರಿಯಳು ನೀನು, ನೀನೊಂದು ಮಾತು ಹೇಳಿದರೆ ಯಾರೂ ಅಲ್ಲ ಅನ್ನುವುದಿಲ್ಲ. ಮಾವನವರಿಗಂತೂ ಅಷ್ಟೇ ಸಾಕು, ಮತ್ತೆ ಬಾಯಿ ಬರುತ್ತದೆ. ಇವತ್ತು ರಾತ್ರಿ ಫೋನ್ ಮಾಡು, ತಡವಾದರೆ ನಡುರಾತ್ರಿಯಾದರೂ ಸರಿ. ಕತ್ತಲಿದ್ದಾಗಲೇ ಅವಳು ಹೊರಟುಬಿಡುತ್ತಾಳೆ. ಮಾವನವರ ಹತ್ತಿರ ದಯವಿಟ್ಟು ಮರ್ಯಾದೆಯಿಂದ ಮಾತಾಡಬೇಡ, ನನ್ನ ಮೊಮ್ಮಗಳು ತಮಂದಾನಿಯ ಮುಂದೆ ಬಾಯಿ ಮುಚ್ಚಿಕೊಂಡು ಕೂತಿದ್ದೀಯಂತಲ್ಲ ಎಂದು ಬೈದು ಕೋಳಿ ಕೇಳು. ಆದರೆ ಫೋನ್ ಮೊದಲು ಎತ್ತುವವಳು ಅವಳೇ, ಈ ಮನೆಯಲ್ಲಿ ಯಾವಾಗಲೂ ಅವಳೇ ಎತ್ತುವುದು. ನೀನು ಎಲ್ಲರನ್ನೂ ಕೇಳುವ ಹಾಗೆ "ಯಾರೇ ಅದು?" ಎಂದು ಅವಳನ್ನು ಕೇಳಬೇಡ ಅಜ್ಜೀ. ಯಾರು ಎಂದು ನೀನೇ ಅವಳಿಗೆ ಹೇಳು. ಬೆಳಗಾಗುವುದರೊಳಗೆ ಹೇಳು.